ಹೊಸ ವರ್ಷಕ್ಕೆ ಹೊಸ ಮಗ್ಗ ಬೇಡ, ಒಂದು ಸ್ಯಾಂಪಲ್ ಹಾಸು ಸಾಕು

ಪ್ರಶ್ನೆ: ನಾಲ್ಕು ವರ್ಷದಿಂದ ನಾಲ್ಕು ಶಾಫ್ಟಿನ, ಅಂದರೆ ಎಳೆಗಳನ್ನು ಗುಂಪಾಗಿ ಮೇಲೆತ್ತುವ ನಾಲ್ಕು ಚೌಕಟ್ಟಿನ ಕೈಮಗ್ಗದಲ್ಲಿ ನೇಯುತ್ತಿದ್ದೇನೆ. ಶಾಲು, ಟವೆಲ್ ಎಲ್ಲವೂ ಅಚ್ಚುಕಟ್ಟಾಗಿಯೇ ಬರುತ್ತವೆ. ಆದರೆ ಯಾವಾಗಲೂ ಅದೇ 2/2 ಟ್ವಿಲ್ (ಎರಡು ಎಳೆಯ ಮೇಲೆ, ಎರಡರ ಕೆಳಗೆ ಹಾಯುವ ಓರೆ ಗೆರೆಯ ನೇಯ್ಗೆ), ಅದೇ ನೀಲಿ, ಬೂದು, ಬಿಳಿ. ಫೋನಿನಲ್ಲಿ ನೂರಾರು ಚಿತ್ರ ಉಳಿಸಿಟ್ಟುಕೊಂಡಿದ್ದೇನೆ. ಮಗ್ಗದ ಮುಂದೆ ಕೂತರೆ ಮಾತ್ರ ಕೈ ಹಳೇ ದಾರಿಗೇ ಹೋಗುತ್ತದೆ. ಈ ವರ್ಷವಾದರೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಎಂಟು ಶಾಫ್ಟಿನ ಮಗ್ಗ ಕೊಳ್ಳಲೇ? ಅಥವಾ ಬೇರೆ ದಾರಿ ಇದೆಯೇ?

ಉತ್ತರ: ಮಗ್ಗದ ವಿಚಾರ ಕೊನೆಗೆ ನೋಡೋಣ. ನಿಮ್ಮ ತೊಂದರೆ ಶಾಫ್ಟಿನದಲ್ಲ, ಚಿತ್ರಗಳ ಕೊರತೆಯದಂತೂ ಅಲ್ಲವೇ ಅಲ್ಲ. ನೀವು ಮಗ್ಗಕ್ಕೆ ಏರಿಸುವ ಪ್ರತಿ ಹಾಸೂ (ಉದ್ದಕ್ಕೆ ಬಿಗಿಯುವ ಎಳೆಗಳ ಸಾಲು) ಒಂದು ವಸ್ತುವಾಗಿಯೇ ಇಳಿಯಬೇಕು ಎಂಬ ಲೆಕ್ಕದಲ್ಲಿ ಏರುತ್ತದೆ. ಶಾಲಿಗೆಂದು ನಾಲ್ಕೈದು ನೂರು ಎಳೆ ಹಾಸು ಓಡಿಸಿ, ಒಂದೊಂದನ್ನೂ ಶಾಫ್ಟಿನಲ್ಲಿರುವ ಹೆಡಲ್ ಎಂಬ ತಂತಿಯ ಕಣ್ಣಿಗೆ, ಆಮೇಲೆ ಹಣಿಗೆಗೆ (ಎಳೆಗಳನ್ನು ಸಮದೂರದಲ್ಲಿಡುವ ಬಾಚಣಿಗೆ) ಪೋಣಿಸಿ ಕೂತವರು ಆ ಹೊತ್ತಿನಲ್ಲಿ ಪ್ರಯೋಗಕ್ಕೆ ಇಳಿಯುವುದಿಲ್ಲ. ಇಳಿಯಬಾರದು ಕೂಡ. ಕೆಟ್ಟರೆ ಇಡೀ ಶಾಲು ಕೆಡುತ್ತದೆ. ಹಾಗಾಗಿ ಕೈ ಗೊತ್ತಿರುವುದನ್ನೇ ನೇಯುತ್ತದೆ. ಇದು ಸೋಮಾರಿತನವೂ ಅಲ್ಲ, ಕಲ್ಪನೆಯ ಬಡತನವೂ ಅಲ್ಲ, ಬರೀ ಜಾಗ್ರತೆ.

ಇದರಿಂದ ಹೊರಬರಲು ಬೇಕಾದದ್ದು ವಸ್ತುವಾಗಬೇಕಾದ ಹಂಗಿಲ್ಲದ ಒಂದು ಹಾಸು. ಅದರ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ನೇಯ್ದು, ಕತ್ತರಿಸಿ, ಒಗೆದು, ಅಳೆದು ನೋಡಬೇಕು. ಬಣ್ಣ, ನೂಲು, ನೇಯ್ಗೆಯ ಕಟ್ಟಣೆ ಮೂರನ್ನೂ ಒಟ್ಟಿಗೇ ಬದಲಾಯಿಸಿದರೆ ಬಟ್ಟೆ ಚೆನ್ನಾಗಿ ಬಂದರೂ ಯಾಕೆ ಬಂತೆಂದು ತಿಳಿಯುವುದಿಲ್ಲ, ಕೆಟ್ಟರೂ ಯಾಕೆ ಕೆಟ್ಟಿತೆಂದು ತಿಳಿಯುವುದಿಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ.

ಮೊದಲ ಹಾಸಿನ ಲೆಕ್ಕ

2/10 ಹತ್ತಿ ನೂಲು ತೆಗೆದುಕೊಳ್ಳಿ. 10 ಕೌಂಟಿನ ಎರಡು ಎಳೆ ಸೇರಿಸಿ ಹುರಿಮಾಡಿದ ನೂಲು ಇದು. ಕೆಲವರು 10/2 ಎಂದು ಬರೆಯುತ್ತಾರೆ. ನಯವಾಗಿದೆ, ಗಟ್ಟಿಯಾಗಿದೆ, ತಪ್ಪು ಮಾಡಿದರೆ ಕ್ಷಮಿಸುತ್ತದೆ. ಹತ್ತಿಯ 1 ಕೌಂಟ್ ಎಂದರೆ ಒಂದು ಪೌಂಡಿಗೆ 840 ಗಜ. ಆ ಲೆಕ್ಕದಲ್ಲಿ 2/10 ನೂಲು ಪೌಂಡಿಗೆ 4200 ಗಜ, ಅಂದರೆ 100 ಗ್ರಾಮಿಗೆ ಸುಮಾರು 845 ಮೀಟರ್.

ಇಂಚಿಗೆ 24 ಎಳೆಯಂತೆ 10 ಇಂಚು ಅಗಲ ಹಿಡಿದರೆ 240 ಎಳೆ. ಉದ್ದ 5 ಮೀಟರ್. ಹಾಸಿಗೆ 1200 ಮೀಟರ್ ನೂಲು, ಸುಮಾರು 142 ಗ್ರಾಂ. ಮಗ್ಗದ ಹಿಂದೆ ಮುಂದೆ ನೇಯಲಾಗದೆ ಉಳಿಯುವ ತುದಿಗಳಿಗೆ ಸುಮಾರು 70 ಸೆಂ.ಮೀ. ಹೋಗುತ್ತದೆ. ನಡುವೆ ಎರಡು ಸಲ ಕತ್ತರಿಸಿ ಮತ್ತೆ ಕಟ್ಟುವುದಕ್ಕೆ ತಲಾ 20 ಸೆಂ.ಮೀ. ಉಳಿದದ್ದರಲ್ಲೂ ನೇಯುವಾಗ ಎಳೆ ಮೇಲೆ ಕೆಳಗೆ ಬಳುಕಿಕೊಂಡು ಹೋಗುವುದರಿಂದ ನೂರಕ್ಕೆ ಹತ್ತರಷ್ಟು ಕುಗ್ಗುತ್ತದೆ. ಕೈಗೆ ಸಿಗುವ ಬಟ್ಟೆ ಮೂರೂವರೆ ಮೀಟರ್. ಅದಕ್ಕೆ ಹೊಕ್ಕಿನ, ಅಂದರೆ ಅಡ್ಡಕ್ಕೆ ಹಾಯುವ, ನೂಲು ಸುಮಾರು 115 ಗ್ರಾಂ. ಒಟ್ಟು 300 ಗ್ರಾಂ ಇಟ್ಟುಕೊಂಡರೆ ಕಡಿಮೆ ಬೀಳುವುದಿಲ್ಲ.

ಹತ್ತು ಬಣ್ಣ ಆರಿಸಿ, ಪ್ರತಿಯೊಂದಕ್ಕೂ 30 ಗ್ರಾಂ. ನಿಮ್ಮ ನೀಲಿ, ಬೂದು, ಬಿಳಿ ಇರಲಿ. ಉಳಿದ ಏಳರಲ್ಲಿ ಕನಿಷ್ಠ ಎರಡು ನಿಮಗೆ ಇಷ್ಟವೇ ಇಲ್ಲದ ಬಣ್ಣವಾಗಿರಲಿ. ಇದು ಹಟಕ್ಕೆ ಹೇಳುವ ಮಾತಲ್ಲ. ಬಟ್ಟೆಯಲ್ಲಿ ಬಣ್ಣ ಒಂಟಿಯಾಗಿ ಕಾಣಿಸುವುದು ಅಪರೂಪ. ಲಡಿಯಲ್ಲಿ ಕಣ್ಣಿಗೆ ಚುಚ್ಚುವ ಸಾಸಿವೆ ಹಳದಿ, ಬೂದು ಹೊಕ್ಕಿನ ಜೊತೆ ಬೆರೆತಾಗ ಬೇರೆಯೇ ಬಣ್ಣ. ಒಂದೊಂದು ಬಣ್ಣಕ್ಕೆ 24 ಎಳೆ, ಅಂದರೆ ಒಂದಿಂಚಿನ ಪಟ್ಟೆ. ಪೋಣಿಸುವುದು ನೇರವಾಗಿ: 1, 2, 3, 4, ಮತ್ತೆ 1, 2, 3, 4. ಎರಡು ಅಂಚಿಗೂ ಒಂದೊಂದು ಎಳೆ ಹೆಚ್ಚಿಗೆ ಇಟ್ಟು, ಅದನ್ನು ಹೆಡಲಿಗೆ ಪೋಣಿಸದೆ ಹಣಿಗೆಯಲ್ಲಿ ಮಾತ್ರ ಹಾಯಿಸಿ. ಲಾಳಿ ಒಳಹೋಗುವಾಗ ಈ ಎಳೆಯ ಮೇಲಿಂದ, ಹೊರಬರುವಾಗ ಕೆಳಗಿಂದ. ಟ್ವಿಲ್ಲಿನಲ್ಲಿ ಅಂಚಿನ ಎಳೆ ಹೊಕ್ಕಿಗೆ ಸಿಗದೆ ಬಿಟ್ಟುಹೋಗುವ ಕಾಟ ಇದರಿಂದ ತಪ್ಪುತ್ತದೆ.

ಇಂಚಿಗೆ 12 ಸಂದಿನ ಹಣಿಗೆ ಒಂದಿದ್ದರೆ ಸಾಕು. ಸಂದಿಗೆ ಎರಡೆರಡು ಎಳೆ ಹಾಕಿದರೆ ಇಂಚಿಗೆ 24. ಒಂದು, ಎರಡು, ಒಂದು, ಎರಡು ಎಂದು ಹಾಕುತ್ತ ಹೋದರೆ 18. ಎರಡು, ಮೂರು, ಎರಡು, ಮೂರು ಎಂದರೆ 30. ಮೂರು ಬೇರೆ ಬೇರೆ ಬಟ್ಟೆಗೆ ಮೂರು ಹಣಿಗೆ ಕೊಳ್ಳಬೇಕಿಲ್ಲ. ಮಿಶ್ರವಾಗಿ ಹಾಕಿದಾಗ ಬಟ್ಟೆಯಲ್ಲಿ ಸಣ್ಣ ಗೀರು ಕಾಣುತ್ತದೆ, ನಿಜ. ಒಗೆದಾಗ ಅದರ ಬಹುಪಾಲು ಹೋಗುತ್ತದೆ.

ನೂರು ಚೌಕ

ಮೊದಲ ತುಂಡು ಇಂಚಿಗೆ 24ರಲ್ಲಿ, ಸಾದಾ ನೇಯ್ಗೆ. 1 ಮತ್ತು 3ನೇ ಶಾಫ್ಟ್ ಒಂದು ಸಲ, 2 ಮತ್ತು 4 ಇನ್ನೊಂದು ಸಲ. ಹಾಸಿನಲ್ಲಿ ಬಣ್ಣಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮದಲ್ಲಿ ಹೊಕ್ಕು ಹಾಕಿ, ಪ್ರತಿ ಬಣ್ಣವೂ ಚೌಕವಾಗುವವರೆಗೆ, ಅಂದರೆ 24 ಹೊಡೆತ (ಒಂದು ಹೊಡೆತಕ್ಕೆ ಒಂದು ಹೊಕ್ಕು). ಹತ್ತೂ ಬಣ್ಣ ಮುಗಿದಾಗ ನೂರು ಚೌಕ. ಮೂಲೆಯಿಂದ ಮೂಲೆಗೆ ಹೋಗುವ ಹತ್ತು ಚೌಕಗಳಲ್ಲಿ ಶುದ್ಧ ಬಣ್ಣ. ಉಳಿದ ತೊಂಬತ್ತರಲ್ಲಿ 45 ಜೋಡಿಗಳು, ಪ್ರತಿಯೊಂದೂ ಎರಡೆರಡು ಸಲ. ಒಮ್ಮೆ ಕೆಂಪು ಹಾಸು, ಹಸಿರು ಹೊಕ್ಕು, ಇನ್ನೊಮ್ಮೆ ತಿರುಗುಮುರುಗು.

ಈ ಎರಡು ಚೌಕ ಒಂದೇ ಥರ ಕಾಣಬೇಕು. ಕಾಣದಿದ್ದರೆ ನಿಮ್ಮ ಬಡಿತ ಹದದಲ್ಲಿಲ್ಲ ಎಂದರ್ಥ. ಇಂಚಿಗೆ 24ರ ಬದಲು 30 ಹೊಕ್ಕು ಬಿದ್ದರೆ ಹೊಕ್ಕಿನ ಬಣ್ಣವೇ ಮೇಲುಗೈ ಪಡೆಯುತ್ತದೆ. ಹಾಸು ಬಿಗಿಯಾಗಿರುವಾಗ ಎಣಿಸಬೇಡಿ, ಸಡಿಲಿಸಿ ಎಣಿಸಿ. ಬಿಗಿಯಲ್ಲಿ ಬಟ್ಟೆ ಉದ್ದಕ್ಕೆ ಹಿಗ್ಗಿರುವುದರಿಂದ ಎಣಿಕೆ ಕಡಿಮೆ ಬರುತ್ತದೆ.

ಆ ಕೆಂಪು-ಹಸಿರಿನ ಚೌಕವನ್ನೇ ಹತ್ತಿರದಿಂದ ನೋಡಿ. ಒಂದು ಅಡಿ ದೂರದಲ್ಲಿ ಕೆಂಪು ಚುಕ್ಕಿ, ಹಸಿರು ಚುಕ್ಕಿ ಬೇರೆ ಬೇರೆ, ಹೆಚ್ಚುಕಡಿಮೆ ಮಿನುಗುತ್ತವೆ. ಎರಡು ಮೀಟರ್ ಹಿಂದೆ ಸರಿದರೆ ಕೆಂಪೂ ಇಲ್ಲ, ಹಸಿರೂ ಇಲ್ಲ, ಮಣ್ಣಿನಂಥ ಕಂದು. ಎದುರು ಬಣ್ಣಗಳು ಸಣ್ಣ ಚುಕ್ಕಿಗಳಾಗಿ ಬೆರೆತರೆ ಒಂದನ್ನೊಂದು ಮಂಕಾಗಿಸುತ್ತವೆ. ಅಂಗಡಿಯಲ್ಲಿ ಎರಡು ಲಡಿ ಪಕ್ಕಪಕ್ಕ ಇಟ್ಟು ‘ಆಹಾ’ ಎಂದುಕೊಂಡವರು ನೇಯ್ದ ಮೇಲೆ ಪೆಚ್ಚಾಗುವುದು ಇದಕ್ಕೇ. ಅಕ್ಕಪಕ್ಕ ಇಟ್ಟಾಗ ಬಣ್ಣ ಉಜ್ವಲವಾಗುತ್ತದೆ, ಬೆರೆಸಿದಾಗ ಕಂದುತ್ತದೆ. ಆ ಎರಡು ಬಣ್ಣ ಉಜ್ವಲವಾಗಿಯೇ ಉಳಿಯಬೇಕಿದ್ದರೆ ಎರಡನ್ನೂ ಹಾಸಿನಲ್ಲಿ ಅಗಲ ಪಟ್ಟೆಯಾಗಿ ಹಾಕಿ, ಹಾಸೇ ಮೇಲೆ ಕಾಣುವ 3/1 ಟ್ವಿಲ್ಲಿನಲ್ಲಿ ನೇಯಬೇಕು. ನೂಲು ಕೊಳ್ಳುವ ಮೊದಲೇ ಅಂದಾಜು ಬೇಕಿದ್ದರೆ ಎರಡು ಎಳೆಯನ್ನು ಬೆರಳಿನಲ್ಲಿ ಒಟ್ಟಿಗೆ ಹುರಿಮಾಡಿ ದೂರ ಹಿಡಿದು ನೋಡಿ. ಸಾದಾ ನೇಯ್ಗೆಯಲ್ಲಿ ಬರುವ ಬಣ್ಣ ಹೆಚ್ಚುಕಡಿಮೆ ಅದೇ.

ಇನ್ನೊಂದು ಪರೀಕ್ಷೆ: ನೂರು ಚೌಕದ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಬಣ್ಣದಲ್ಲಿ ದೂರ ದೂರವಿದ್ದ ಎಷ್ಟೋ ಚೌಕಗಳು ಒಂದೇ ಬೂದಾಗಿಬಿಡುತ್ತವೆ. ಅವುಗಳ ತಿಳಿ-ಗಾಢ ಮಟ್ಟ ಒಂದೇ. ಅಂಥ ಎರಡು ಬಣ್ಣದಲ್ಲಿ ಎಷ್ಟೇ ಕಷ್ಟಪಟ್ಟು ವಿನ್ಯಾಸ ನೇಯ್ದರೂ ದೂರದಿಂದ ಕಾಣುವುದಿಲ್ಲ. ಬಟ್ಟೆ ತಿರುಗಿಸಿದಂತೆ ಬಣ್ಣ ಬದಲಾಗುವ ಮಿರುಗು ಬೇಕಿದ್ದರೆ ಮಾತ್ರ ಅಂಥ ಜೋಡಿಯೇ ಬೇಕು. ಹಾಗೆ ನೇಯುವವರು ನೂಲನ್ನೂ ತೆಳ್ಳಗೆ, ಹೊಳಪಿನದು ಆರಿಸಬೇಕು.

ದಟ್ಟಣೆ

ನೂರು ಚೌಕ ಮುಗಿದ ಮೇಲೆ ಬಟ್ಟೆ ಕತ್ತರಿಸಿ, ಹಣಿಗೆಯಿಂದ ಎಳೆ ತೆಗೆದು, ಇಂಚಿಗೆ 18ರಂತೆ ಮತ್ತೆ ಹಾಯಿಸಿ. ಅಗಲ 13 ಇಂಚಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಮಗ್ಗದ ಹಿಂದಿನ ಬೀಮಿಗೆ, ಅಂದರೆ ಉರುಳೆಗೆ, 10 ಇಂಚಿನಲ್ಲಿ ಸುತ್ತಿದ ಹಾಸು ಹಣಿಗೆಯ ಹತ್ತಿರ ಹರಡುವುದರಿಂದ ಕೊನೆಯ ಎಳೆಗಳು ಓರೆಯಾಗಿ ಬಂದು ಉಜ್ಜಿಕೊಳ್ಳುತ್ತವೆ. ಅರ್ಧ ಮೀಟರ್ ನೇಯುವುದಕ್ಕೆ ಪರವಾಗಿಲ್ಲ. ಶಾಲಿನುದ್ದಕ್ಕೂ ಹಾಗೆ ಮಾಡಬೇಡಿ, ಎಳೆ ಹರಿಯುತ್ತದೆ.

ಇಲ್ಲಿ ಕಲಿಯಬೇಕಾದ್ದು ಕೈಯ ಬಡಿತ. ನಾಲ್ಕು ವರ್ಷ ಒಂದೇ ದಟ್ಟಣೆಯಲ್ಲಿ ನೇಯ್ದ ಕೈ 18 ಎಳೆಯ ಹಾಸಿನ ಮೇಲೂ 26 ಹೊಕ್ಕು ಬಡಿದುಬಿಡುತ್ತದೆ. ಆಗ ಬರುವುದು ಹೊಕ್ಕೇ ತುಂಬಿದ ಬಿರುಸು ಬಟ್ಟೆ, ಜೋಲುವ ಬಟ್ಟೆಯಲ್ಲ. ಹಣಿಗೆಯನ್ನು ಬಡಿಯದೆ, ಹೊಕ್ಕನ್ನು ಅದರ ಜಾಗಕ್ಕೆ ತಂದು ನಿಲ್ಲಿಸಿದಂತೆ ಮಾಡಿ. ಎರಡು ಹೊಕ್ಕಿನ ನಡುವೆ ಬೆಳಕು ಕಾಣಲಿ. ಒಗೆದು ಒಣಗಿಸಿದ ಮೇಲೆ ಎರಡೂ ಹೆಬ್ಬೆರಳು ಪಕ್ಕಪಕ್ಕ ಇಟ್ಟು ಬಟ್ಟೆಯನ್ನು ದೂಡಿ ನೋಡಿ. ಎಳೆ ಸರಿದು ಕಿಂಡಿಯಾದರೆ ಆ ದಟ್ಟಣೆ ಬಳಕೆಗೆ ಆಗದು, 20ಕ್ಕೋ 21ಕ್ಕೋ ಏರಿಸಬೇಕು. ಸರಿಯದೆ ಇದ್ದರೆ ನಿಮ್ಮ ಮುಂದಿನ ಶಾಲಿನ ದಟ್ಟಣೆ ಸಿಕ್ಕಿತು.

ಹೊಸ ನೂಲು ಕೈಗೆ ಬಂದಾಗ ದಟ್ಟಣೆ ಅಂದಾಜು ಮಾಡಲು ಹಳೆಯ ಉಪಾಯ ಇದೆ. ಅಳತೆ ಪಟ್ಟಿಗೆ ಒಂದಿಂಚು ನೂಲು ಸುತ್ತಿ, ಸುತ್ತುಗಳು ಒಂದನ್ನೊಂದು ತಾಕುವಂತೆ, ಆದರೆ ಒತ್ತದಂತೆ. 48 ಸುತ್ತು ಬಂದರೆ ಸಾದಾ ನೇಯ್ಗೆಗೆ ಅದರ ಅರ್ಧ, 24. 2/2 ಟ್ವಿಲ್ಲಿಗೆ ಮೂರರಲ್ಲಿ ಎರಡು ಪಾಲು, 32. ಟ್ವಿಲ್ಲಿನಲ್ಲಿ ಎಳೆ ಕಡಿಮೆ ಸಲ ಮೇಲೆ ಕೆಳಗೆ ಹಾಯುತ್ತದೆ, ಅದಕ್ಕೆ ಹೆಚ್ಚು ಎಳೆಗೆ ಜಾಗ. ಸಾದಾ ನೇಯ್ಗೆಯ ದಟ್ಟಣೆಯಲ್ಲೇ ಟ್ವಿಲ್ ನೇಯ್ದರೆ ಬಟ್ಟೆ ಸಡಿಲವಾಗುವುದೂ, ಓರೆ ಗೆರೆ 45 ಡಿಗ್ರಿ ಬಿಟ್ಟು ಮಲಗುವುದೂ ಇದಕ್ಕೇ.

ಶಾಫ್ಟಿನ ಹದಿನಾಲ್ಕು ಎತ್ತುಗಳು

ಮೂರನೆಯ ತುಂಡಿಗೆ ಇಂಚಿಗೆ 30. ಹಾಸಿನಲ್ಲಿ ಉಳಿದದ್ದೆಲ್ಲ ಇದಕ್ಕೇ, ಯಾಕೆಂದರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಇರುವುದು ಇಲ್ಲಿ.

ನಾಲ್ಕು ಶಾಫ್ಟನ್ನು ಎಷ್ಟು ರೀತಿ ಎತ್ತಬಹುದು? ಎಲ್ಲವನ್ನೂ ಎತ್ತುವುದು, ಯಾವುದನ್ನೂ ಎತ್ತದಿರುವುದು ಎರಡನ್ನು ಬಿಟ್ಟರೆ ಹದಿನಾಲ್ಕು. ನಿಮ್ಮ 2/2 ಟ್ವಿಲ್ಲಿಗೆ ಬೇಕಾದ್ದು ನಾಲ್ಕೇ: 12 (ಅಂದರೆ 1 ಮತ್ತು 2ನೇ ಶಾಫ್ಟ್ ಒಟ್ಟಿಗೆ), 23, 34, 41. ಸಾದಾ ನೇಯ್ಗೆಗೆ ಎರಡು. ಅಂದರೆ ನಾಲ್ಕು ವರ್ಷದಲ್ಲಿ ಎಂಟು ಎತ್ತುಗಳನ್ನು ನೀವು ಮುಟ್ಟಿಯೇ ಇಲ್ಲ.

ಆರು ಪೆಡಲ್ ಇದ್ದರೆ ನಾಲ್ಕಕ್ಕೆ ಒಂದೊಂದು ಶಾಫ್ಟ್ ಕಟ್ಟಿ, ಉಳಿದೆರಡಕ್ಕೆ 13 ಮತ್ತು 24. ಎರಡು ಕಾಲು ಬಳಸಿದರೆ ಹದಿನಾಲ್ಕೂ ಸಿಗುತ್ತವೆ. ಉದಾಹರಣೆಗೆ 123 ಬೇಕಿದ್ದರೆ ಒಂದು ಕಾಲು 13ರ ಮೇಲೆ, ಇನ್ನೊಂದು 2ರ ಮೇಲೆ. ಇದು ಪೆಡಲ್ ತುಳಿದರೆ ಕಟ್ಟಿದ ಶಾಫ್ಟ್ ಮೇಲೇಳುವ ಮಗ್ಗದ ಮಾತು. ಒಂದು ಜೊತೆ ಏರಿದಾಗ ಇನ್ನೊಂದು ಜೊತೆ ತಾನಾಗಿ ಇಳಿಯುವ, ಗಾಲಿಗೆ ತೂಗುಹಾಕಿದ ಮಗ್ಗದಲ್ಲಿ ಒಂದು ಅಥವಾ ಮೂರು ಶಾಫ್ಟ್ ಎತ್ತುವಾಗ ಲಾಳಿ ಹಾಯುವ ಬಾಯಿ ಸರಿಯಾಗಿ ತೆರೆಯುವುದಿಲ್ಲ. ಅಲ್ಲಿ ಹಾಸನ್ನು ಸ್ವಲ್ಪ ಸಡಿಲಿಸಿ, ಚಪ್ಪಟೆ ಲಾಳಿ ಬಳಸಿ, ನಿಧಾನವಾಗಿ ನೇಯಬೇಕಾಗುತ್ತದೆ.

ಮೊದಲು ಐದೈದು ಸೆಂ.ಮೀ. ಇವನ್ನು ನೇಯಿರಿ. 12, 23, 41, 34: ಓರೆ ಗೆರೆ ಮುರಿದು, ಮೇಲ್ಮೈ ಮರಳಿನ ಹರಳಿನಂತಾಗುತ್ತದೆ. 1, 2, 3, 4 ಎಂದು ಒಂದೊಂದೇ ಎತ್ತಿದರೆ ಹೊಕ್ಕು ಮೇಲೆ ಕಾಣುವ 1/3 ಟ್ವಿಲ್. 123, 234, 341, 412 ಎಂದರೆ ಹಾಸು ಮೇಲೆ ಕಾಣುವ 3/1. ಇವೆರಡನ್ನು ನೇಯುವಾಗ ಹತ್ತೂ ಬಣ್ಣದ ಪಟ್ಟೆಗಳ ಮೇಲೆ ಒಂದೇ ಹೊಕ್ಕಿನ ಬಣ್ಣ ಇಟ್ಟುಕೊಂಡು ನೋಡಿ: 1/3ರಲ್ಲಿ ಪಟ್ಟೆಗಳು ಹೊಕ್ಕಿನ ಕೆಳಗೆ ಮುಳುಗುತ್ತವೆ, 3/1ರಲ್ಲಿ ಎದ್ದು ಬರುತ್ತವೆ. ಎರಡೆರಡು ಸೆಂ.ಮೀ. ಬದಲಿಸುತ್ತ ಹೋದರೆ ಅಡ್ಡ ಪಟ್ಟೆ ಬಣ್ಣ ಬದಲಿಸದೆಯೇ ಹುಟ್ಟುತ್ತದೆ. ಮಗ್ಗದಿಂದ ಇಳಿಸಿದಾಗ ಒಂದು ಭಾಗ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಬಾಗಿ ಬಟ್ಟೆ ತಾನೇ ಮಡಿಕೆ ಹಿಡಿಯುತ್ತದೆ. ಇಡೀ ಬಟ್ಟೆಯನ್ನು 3/1ರಲ್ಲೇ ನೇಯ್ದರೆ ಅಂಚು ಸುರುಳಿ ಸುತ್ತಿಕೊಳ್ಳುವುದಕ್ಕೂ ಇದೇ ಕಾರಣ: ಒಂದು ಮುಖದಲ್ಲಿ ಹಾಸು ಹೆಚ್ಚು, ಇನ್ನೊಂದರಲ್ಲಿ ಹೊಕ್ಕು ಹೆಚ್ಚು, ಎರಡರ ಎಳೆತ ಸಮವಿಲ್ಲ. ಒಂದು ಕಡೆ ದೋಷವಾಗುವುದು ಇನ್ನೊಂದು ಕಡೆ ವಿನ್ಯಾಸ. ಕೈಮಗ್ಗದಲ್ಲಿ ಇಂಥದ್ದು ಬಹಳ.

ಆಮೇಲೆ ಹದಿನಾಲ್ಕು ಚೀಟಿಯ ಮೇಲೆ ಹದಿನಾಲ್ಕು ಎತ್ತು ಬರೆದು, ಕಣ್ಣುಮುಚ್ಚಿ ಎಂಟನ್ನು ತೆಗೆಯಿರಿ. ಬಂದ ಕ್ರಮದಲ್ಲೇ ಆರು ಸಲ ನೇಯಿರಿ. ಒಂದೇ ನಿಯಮ: ಯಾವ ಶಾಫ್ಟೂ ಸತತ ಐದಕ್ಕಿಂತ ಹೆಚ್ಚು ಹೊಡೆತ ಮೇಲೆಯೇ ಅಥವಾ ಕೆಳಗೆಯೇ ಉಳಿಯಬಾರದು, ಎಂಟರಿಂದ ಮತ್ತೆ ಒಂದಕ್ಕೆ ಬರುವಾಗಲೂ ಇದನ್ನು ಲೆಕ್ಕ ಹಾಕಿ. ಇಂಚಿಗೆ 24 ಹೊಕ್ಕಿದ್ದರೆ ಐದು ಹೊಡೆತದ ತೇಲುವ ಎಳೆ ಸುಮಾರು ಐದು ಮಿಲಿಮೀಟರ್. ಶಾಲಿಗೆ ನಡೆಯುತ್ತದೆ, ಟವೆಲಿಗೆ ಮೂರು ಹೊಡೆತಕ್ಕೆ ನಿಲ್ಲಿಸಿ, ಇಲ್ಲದಿದ್ದರೆ ಉಗುರಿಗೆ ಸಿಕ್ಕಿಕೊಳ್ಳುತ್ತದೆ. ಚೀಟಿಯಲ್ಲಿ ಬಂದದ್ದರಲ್ಲಿ ಹೆಚ್ಚಿನವು ಸಪ್ಪೆ. ಹತ್ತರಲ್ಲಿ ಎರಡು ಮೂರು ‘ಇದು ಎಲ್ಲಿತ್ತು ಇಷ್ಟು ದಿನ’ ಎನ್ನುವಂತಿರುತ್ತವೆ. ಅವನ್ನು ಹಿಡಿದು ಒಂದೊಂದೇ ಎತ್ತು ಬದಲಿಸಿ ತಿದ್ದುತ್ತ ಹೋಗಿ. ಫೋನಿನ ಚಿತ್ರದಿಂದ ಇಳಿಸಿಕೊಂಡ ವಿನ್ಯಾಸಕ್ಕೂ ಹೀಗೆ ಸಿಕ್ಕಿದ್ದಕ್ಕೂ ವ್ಯತ್ಯಾಸ ಇಲ್ಲಿದೆ: ಇದನ್ನು ಹೇಗೆ ಬಗ್ಗಿಸಬೇಕೆಂದು ನಿಮಗೆ ಗೊತ್ತಿರುತ್ತದೆ.

ಕಟ್ಟುಪಾಡಿನಿಂದ ಹೊಸತು ಹುಟ್ಟಿಸುವ ಈ ದಾರಿ ಹೊಸದೇನಲ್ಲ. 1922ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆ ಸೇರಿದ ನೇಯ್ಗೆ ಕಲಾವಿದೆ ಅನ್ನಿ ಆಲ್ಬರ್ಸ್, 1933ರ ನಂತರ ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜಿನಲ್ಲಿ ನೇಯ್ಗೆ ಕಲಿಸುವಾಗ ಸಾಮಗ್ರಿಯನ್ನು ಮುಟ್ಟಿ ನೋಡಿ ಪ್ರಯೋಗ ಮಾಡುವುದಕ್ಕೇ ಒತ್ತು ಕೊಟ್ಟವರು. ಅವರು ಗುರುವೆಂದು ಕಂಡದ್ದು ಪೆರುವಿನ ಪುರಾತನ ನೇಕಾರರನ್ನು. ಆ ನೇಕಾರರ ಬಳಿ ಇದ್ದದ್ದು ಸೊಂಟಕ್ಕೆ ಬಿಗಿದು ನೇಯುವ, ಕೆಲವು ಕೋಲುಗಳ ಮಗ್ಗ. ಅದರಲ್ಲೇ ಅವರು ಎರಡು ಪದರದ ಬಟ್ಟೆಯನ್ನೂ ನೇಯ್ದರು.

ಒಗೆಯದ ಸ್ಯಾಂಪಲ್ ಸ್ಯಾಂಪಲ್ ಅಲ್ಲ

ಮಗ್ಗದ ಮೇಲೆ ಬಿಗಿಯಲ್ಲಿರುವ ಬಟ್ಟೆ ಕಾಣಿಸುವುದೇ ಬೇರೆ. ಪ್ರತಿ ತುಂಡಿನ ಮೇಲೂ ಬೇರೆ ಬಣ್ಣದ ದಾರದಿಂದ ಉದ್ದಕ್ಕೆ 10, ಅಗಲಕ್ಕೆ 10 ಸೆಂ.ಮೀ. ಗುರುತು ಹೊಲಿಯಿರಿ. ತುಂಡನ್ನು ಎರಡು ಮಾಡಿ, ಒಂದನ್ನು ಹಾಗೇ ಇಟ್ಟು, ಇನ್ನೊಂದನ್ನು ಅದರ ಬಳಕೆಗೆ ತಕ್ಕಂತೆ ಒಗೆಯಿರಿ. ಟವೆಲಾದರೆ ಬಿಸಿನೀರು, ಸೋಪು. ಶಾಲಾದರೆ ಉಗುರುಬೆಚ್ಚನೆಯ ನೀರು. ಒಣಗಿ ಇಸ್ತ್ರಿಯಾದ ಮೇಲೆ ಗುರುತು ಅಳೆಯಿರಿ. 10 ಇದ್ದದ್ದು 9 ಆಗಿದ್ದರೆ ಹತ್ತಕ್ಕೆ ಒಂದು ಪಾಲು ಕುಗ್ಗಿದೆ, 180 ಸೆಂ.ಮೀ. ಶಾಲು ಬೇಕಿದ್ದರೆ 200 ನೇಯಬೇಕು.

ಹೊಸತನದ ಗಣಿ ಇರುವುದೂ ಈ ಬೋಗುಣಿಯಲ್ಲೇ. ಹಾಸಿನಲ್ಲಿ ಐದು ಸೆಂ.ಮೀ. ಹತ್ತಿ, ಐದು ಸೆಂ.ಮೀ. ಉಣ್ಣೆ ಪಟ್ಟೆ ಹಾಕಿ, ಸಡಿಲವಾಗಿ ನೇಯ್ದು, 40 ಡಿಗ್ರಿ ಸೋಪುನೀರಿನಲ್ಲಿ ಕಿವುಚಿ. ಉಣ್ಣೆ ಕುಗ್ಗುತ್ತದೆ, ಹತ್ತಿ ಅಷ್ಟು ಕುಗ್ಗುವುದಿಲ್ಲ. ಹೆಚ್ಚಾದ ಹತ್ತಿ ಗುಳ್ಳೆಗುಳ್ಳೆಯಾಗಿ ಉಬ್ಬಿ ನಿಲ್ಲುತ್ತದೆ. ವಿನ್ಯಾಸ ಬರೀ ಸಾದಾ ನೇಯ್ಗೆ, ಪರಿಣಾಮ ಮಾತ್ರ ನೋಡಿದವರು ನಂಬದಂಥದು. ಎರಡೆರಡು ನಿಮಿಷಕ್ಕೊಮ್ಮೆ ತೆಗೆದು ನೋಡುತ್ತಿರಿ, ಉಣ್ಣೆ ಒಮ್ಮೆ ಜಡೆಗಟ್ಟಿದರೆ ಹಿಂದಕ್ಕೆ ಬರುವುದಿಲ್ಲ. ಎಂಥ ಉಣ್ಣೆ ಎಂಬುದೂ ಮುಖ್ಯ: ಕುಗ್ಗದಂತೆ ಸಂಸ್ಕರಿಸಿ ‘ಮಷಿನ್ ವಾಷ್’ ಎಂದು ಮಾರುವ ಉಣ್ಣೆ ಎಷ್ಟು ಕಿವುಚಿದರೂ ಹಾಗೇ ಇರುತ್ತದೆ, ಇದಕ್ಕೆ ಕೆಲಸಕ್ಕೆ ಬಾರದು. ಹಾಗೆಯೇ ಅತಿಯಾಗಿ ಹುರಿಕೊಟ್ಟ ನೂಲನ್ನು ಹೊಕ್ಕಿಗೆ ಹಾಕಿ, ದಟ್ಟಣೆ ಇಳಿಸಿ ನೇಯ್ದರೆ ಮಗ್ಗದ ಮೇಲೆ ಏನೂ ಕಾಣುವುದಿಲ್ಲ. ನೀರಿಗೆ ಬಿದ್ದ ಕೂಡಲೇ ಹುರಿ ಬಿಚ್ಚಿಕೊಳ್ಳಲು ಹೆಣಗಿ ಬಟ್ಟೆ ನೆರಿಗೆಯಾಗುತ್ತದೆ. ದಟ್ಟವಾಗಿ ನೇಯ್ದುಬಿಟ್ಟರೆ ಆ ನೂಲಿಗೆ ಹೊರಳಲು ಜಾಗವಿಲ್ಲ, ನೆರಿಗೆಯೂ ಇಲ್ಲ.

ಉಳಿದ ನೂಲಿನ ತುಣುಕುಗಳನ್ನೆಲ್ಲ ಒಂದೇ ಹಾಸಿಗೆ ಸೇರಿಸುವ ಆಸೆ ಹೊಸ ವರ್ಷದಲ್ಲಿ ಎಲ್ಲರಿಗೂ ಬರುತ್ತದೆ. ಹಿಗ್ಗುವ ನೂಲೂ ಹಿಗ್ಗದ ನೂಲೂ ಒಂದೇ ಬೀಮಿನಲ್ಲಿ ಬಿಡಿಬಿಡಿಯಾಗಿ ಬೆರೆತರೆ ಒಂದು ಮೀಟರ್ ಆಗುವಷ್ಟರಲ್ಲಿ ಕೆಲವು ಎಳೆ ಜೋತು ಬೀಳುತ್ತವೆ, ಲಾಳಿ ಅವುಗಳ ಕೆಳಗೆ ನುಗ್ಗಿ ತಪ್ಪು ನೇಯ್ಗೆಯಾಗುತ್ತದೆ. ತುಣುಕು ನೂಲನ್ನು ಹೊಕ್ಕಿಗೆ ಬಳಸಿ, ಜಗಳವಿಲ್ಲ.

ಚಿತ್ರಗಳನ್ನು ಏನು ಮಾಡುವುದು

ಎಸೆಯಬೇಕಿಲ್ಲ. ಆದರೆ ಬೇರೆಯವರ ಬಟ್ಟೆಯ ಚಿತ್ರಕ್ಕಿಂತ ಬಟ್ಟೆಯಲ್ಲದ್ದರ ಚಿತ್ರ ಹೆಚ್ಚು ಉಪಯೋಗ: ಸುಣ್ಣ ಉದುರಿದ ಗೋಡೆ, ಒಣಗಿದ ಎಲೆ, ತುಕ್ಕು ಹಿಡಿದ ತಗಡು. ಆಕಾರವನ್ನು ನಕಲು ಮಾಡಬೇಡಿ, ಪ್ರಮಾಣವನ್ನು ತೆಗೆದುಕೊಳ್ಳಿ. ಚಿತ್ರದ ಮೇಲೆ ಹತ್ತಕ್ಕೆ ಹತ್ತು ಮನೆಯ ಜಾಲ ಎಳೆದು, ಯಾವ ಬಣ್ಣಕ್ಕೆ ಎಷ್ಟು ಮನೆ ಎಂದು ಎಣಿಸಿ. ತುಕ್ಕಿನ ತಗಡಿನಲ್ಲಿ ಬೂದು 50, ಇಟ್ಟಿಗೆ ಕೆಂಪು 25, ಗಾಢ ಕಂದು 15, ಕಿತ್ತಳೆ 7, ತಿಳಿನೀಲಿ 3 ಎಂದು ಬಂತೆನ್ನಿ. 240 ಎಳೆಗೆ ಹಂಚಿ, ನಾಲ್ಕರ ಗುಣಕಕ್ಕೆ ಸರಿಮಾಡಿದರೆ 120, 60, 36, 16, 8. ಆ ಎಂಟು ತಿಳಿನೀಲಿ ಎಳೆಯನ್ನು ಒಂದೇ ಕಡೆ ಹಾಕದೆ ಎರಡೆರಡರಂತೆ ನಾಲ್ಕು ಕಡೆ, ಸಮದೂರವಿಲ್ಲದಂತೆ ಇಡಿ. ಹೊಕ್ಕಿಗೆ ಬೂದು ಒಂದೇ. ಹೊಸಬರು ಐದೂ ಬಣ್ಣವನ್ನು ಸಮ ಸಮ ಹಂಚುತ್ತಾರೆ. ಬಟ್ಟೆ ಬಣ್ಣದ ಕೊಡೆಯಂತಾಗುವುದು ಅದರಿಂದ.

ಎರಡನೆಯ ಹಾಸು

ಮೊದಲ ಹಾಸು ಮುಗಿಯುವಾಗ ತುದಿಯನ್ನು ಹೆಡಲಿನಿಂದ ಎಳೆದುಹಾಕಬೇಡಿ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ತುದಿಗೆ ಕೆಚ್ಚಿದರೆ, ಅಂದರೆ ಸೇರಿಸಿ ಗಂಟು ಹಾಕಿದರೆ, ಮತ್ತೆ ಪೋಣಿಸುವ ಕೆಲಸ ತಪ್ಪುತ್ತದೆ. ಗಂಟುಗಳು ಹಣಿಗೆ, ಹೆಡಲ್ ಎರಡನ್ನೂ ದಾಟುವಾಗ ಮೆಲ್ಲಗೆ, ಅಲುಗಿಸುತ್ತ ಎಳೆಯಿರಿ. ಈಗ ಕೆಚ್ಚಬೇಕಾದ್ದು ಒಂದು ಗಾಢ, ಒಂದು ತಿಳಿ, ಮತ್ತೆ ಒಂದು ಗಾಢ, ಒಂದು ತಿಳಿ. ಪೋಣಿಸಿರುವುದು ನೇರವಾಗಿ ಆದ್ದರಿಂದ ಗಾಢವೆಲ್ಲ 1, 3ನೇ ಶಾಫ್ಟಿನಲ್ಲಿ, ತಿಳಿಯೆಲ್ಲ 2, 4ರಲ್ಲಿ ಬರುತ್ತದೆ.

ಇಂಚಿಗೆ 24ರಲ್ಲಿ ಸಾದಾ ನೇಯ್ಗೆ. 13 ಎತ್ತಿದಾಗ ಗಾಢ ಹೊಕ್ಕು, 24 ಎತ್ತಿದಾಗ ತಿಳಿ ಹೊಕ್ಕು ಹಾಕಿ. ಗಾಢ ಎಳೆ ಮೇಲಿದೆ, ಕೆಳಗಿನ ತಿಳಿ ಎಳೆಯನ್ನು ಗಾಢ ಹೊಕ್ಕು ಮುಚ್ಚುತ್ತದೆ. ಸಾಲಿಗೆ ಸಾಲೇ ಗಾಢ. ಮುಂದಿನದು ಪೂರ್ತಿ ತಿಳಿ. ಬಟ್ಟೆಯಲ್ಲಿ ಅಡ್ಡ ಗೆರೆ. ಈಗ ಒಂದೇ ಬಣ್ಣದ ಎರಡು ಹೊಕ್ಕು ಒಂದರ ಹಿಂದೆ ಒಂದು ಹಾಕಿ, ಎತ್ತಿನ ಕ್ರಮ ಕೆಡಿಸದೆ ಮುಂದುವರಿಸಿ. ಅಲ್ಲಿಂದಾಚೆಗೆ ಅಡ್ಡ ಗೆರೆ ಉದ್ದ ಗೆರೆಯಾಗಿ ತಿರುಗುತ್ತದೆ. ಹಾಸಿನಲ್ಲೂ ಎರಡು ಇಂಚಿಗೊಮ್ಮೆ ಹೀಗೆ ಒಂದೇ ಬಣ್ಣದ ಎರಡು ಎಳೆ ಪಕ್ಕಪಕ್ಕ ಇಟ್ಟಿದ್ದರೆ ಅಡ್ಡ, ಉದ್ದ ಚೌಕಗಳು ಹೆಣೆದುಕೊಂಡ ಬಟ್ಟೆ. ಎರಡೇ ಬಣ್ಣ, ಎರಡೇ ಎತ್ತು.

ಅದೇ ಹಾಸನ್ನು ಸಂದಿಗೆ ನಾಲ್ಕರಂತೆ, ಇಂಚಿಗೆ 48ಕ್ಕೆ ಬದಲಿಸಿದರೆ ಎರಡು ಪದರದ ಬಟ್ಟೆಗೆ ಸಿದ್ಧ. ಎರಡು ಪದರದ ಪಾಠಕ್ಕೆ ಮಾತ್ರ ಹಾಸಿನಲ್ಲಿ ಗಾಢ-ತಿಳಿ ಕ್ರಮ ಎಲ್ಲೂ ತಪ್ಪದೆ ಇರಲಿ. ಮೇಲಿನ ಪದರ ಗಾಢ (1, 3), ಕೆಳಗಿನದು ತಿಳಿ (2, 4), ತಲಾ ಇಂಚಿಗೆ 24. ಒಂದೇ ಲಾಳಿಯಲ್ಲಿ 1, ನಂತರ 132, ನಂತರ 3, ನಂತರ 134 ಎಂದು ನೇಯ್ದರೆ ಎರಡೂ ಅಂಚು ಮುಚ್ಚಿದ ಚೀಲ. 1, 132, 134, 3 ಎಂದರೆ ಒಂದೇ ಅಂಚು ಕೂಡಿ, ಮಗ್ಗದಿಂದ ಇಳಿಸಿ ಬಿಡಿಸಿದಾಗ ಇಮ್ಮಡಿ ಅಗಲ. ಕೆಳಪದರ ನೇಯುವಾಗ 1 ಮತ್ತು 3ನ್ನು ಎತ್ತಿ ದಾರಿ ಬಿಡುವುದೇ ಇಲ್ಲಿನ ಗುಟ್ಟು. ಅದನ್ನು ಮರೆತರೆ ಎರಡು ಪದರ ಅಲ್ಲೇ ಹೊಲಿದುಕೊಳ್ಳುತ್ತವೆ, ಮೇಲಿನಿಂದ ಗೊತ್ತಾಗುವುದೂ ಇಲ್ಲ. ಬಟ್ಟೆಯ ಕೆಳಗೆ ಒಂದು ಕನ್ನಡಿ ಇಟ್ಟುಕೊಳ್ಳಿ, ಎಂಟು ಹತ್ತು ಹೊಡೆತಕ್ಕೊಮ್ಮೆ ಪದರಗಳ ನಡುವೆ ಪಟ್ಟಿ ತೂರಿಸಿ ನೋಡಿ. ಉಣ್ಣೆಯಲ್ಲಿ ಇದನ್ನು ಕಲಿಯಲು ಹೋಗಬೇಡಿ. ಅಷ್ಟು ದಟ್ಟಣೆಯಲ್ಲಿ ಉಣ್ಣೆ ಒಂದಕ್ಕೊಂದು ಅಂಟಿ ಬಾಯಿಯೇ ತೆರೆಯುವುದಿಲ್ಲ.

ಬರೆದಿಡುವುದು ಬೇಸರದ ಕೆಲಸ, ಆದರೆ ಬರೆದಿಡದ ತುಂಡು ಆರು ತಿಂಗಳಿಗೆ ಚಿಂದಿ. ನೂಲಿನ ಕೌಂಟ್, ಇಂಚಿಗೆ ಹಾಸು, ಇಂಚಿಗೆ ಹೊಕ್ಕು, ಎತ್ತಿನ ಕ್ರಮ, ಒಗೆಯುವ ಮುಂಚಿನ ಮತ್ತು ನಂತರದ ಅಳತೆ, ಜೊತೆಗೆ ‘ಟವೆಲಿಗೆ ಸರಿ, ಶಾಲಿಗೆ ಗಡಸು’ ಎಂಬಂಥ ಒಂದು ಸಾಲು. ರಟ್ಟಿನ ಚೀಟಿಯಲ್ಲಿ ಬರೆದು ತುಂಡಿಗೇ ಕಟ್ಟಿ. ಜನವರಿ, ಫೆಬ್ರವರಿ ಮೊದಲ ಹಾಸಿಗೆ. ಆಮೇಲೆ ಎಂದಿನಂತೆ ಶಾಲು, ಟವೆಲ್ ನೇಯಿರಿ, ಪ್ರತಿಯೊಂದರಲ್ಲೂ ಸ್ಯಾಂಪಲಿನಿಂದ ಒಂದೇ ಹೊಸ ಸಂಗತಿ ಸೇರಿಸಿ. ಮೂರು ಹಾಸು ಇಳಿದ ಮೇಲೆ ಇನ್ನೊಂದು ಸ್ಯಾಂಪಲ್ ಹಾಸು. ವಾರಕ್ಕೊಂದು ಹೊಸ ವಿನ್ಯಾಸ ಎಂಬ ಪಣ ತೊಡಬೇಡಿ, ಅದು ಮೂರನೇ ವಾರಕ್ಕೆ ನಿಲ್ಲುತ್ತದೆ.

ಈಗ ಎಂಟು ಶಾಫ್ಟಿನ ಮಗ್ಗ. ಅದರಲ್ಲಿ ಎತ್ತುಗಳು 254. ಹದಿನಾಲ್ಕನ್ನು ಪೂರ್ತಿ ನೋಡದವರಿಗೆ ಅವು ಗೊಂದಲವನ್ನೇ ತರುತ್ತವೆ, ಮತ್ತೆ ಕೈ ಹೋಗುವುದು 2/2 ಟ್ವಿಲ್ಲಿಗೇ. ಆದರೆ ಮೂರನೆಯ ತುಂಡು ನೇಯುವಾಗ ಒಂದು ಮಿತಿ ನಿಮಗೇ ಎದುರಾಗುತ್ತದೆ: 1/3 ಮತ್ತು 3/1 ಟ್ವಿಲ್ ಒಂದರ ಮೇಲೊಂದು ಬರುತ್ತವೆ, ಒಂದೇ ಸಾಲಿನಲ್ಲಿ ಅಕ್ಕಪಕ್ಕ ಬರುವುದಿಲ್ಲ. ಅಂಥ ಟ್ವಿಲ್ಲಿನ ಒಂದು ಚೌಕಕ್ಕೆ ನಾಲ್ಕು ಶಾಫ್ಟ್ ಬೇಕು, ಎರಡು ಚೌಕ ಬೇರೆ ಬೇರೆಯಾಗಿ ಏಳಬೇಕಿದ್ದರೆ ಎಂಟು. ಎರಡು ಪದರದ ಬಟ್ಟೆಯಲ್ಲಿ ಪದರಗಳನ್ನು ಚೌಕ ಚೌಕವಾಗಿ ಅದಲುಬದಲು ಮಾಡಲೂ ಎಂಟು. ಅಂಥದ್ದೊಂದು ಬಟ್ಟೆ ಕಾಗದದ ಮೇಲೆ ಬರೆದಿಟ್ಟುಕೊಂಡು, ನಾಲ್ಕರಲ್ಲಿ ಆಗುವುದೇ ಇಲ್ಲವೆಂದು ಖಚಿತವಾದಾಗ ಮಗ್ಗ ನೋಡಲು ಹೋಗಿ. ಆ ಎತ್ತಿನ ಕ್ರಮವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲೇ ಐದು ಶಾಫ್ಟ್ ಒಟ್ಟಿಗೆ ಎತ್ತಿಸಿ ನೋಡಿ: ಕಾಲಿಗೆ ಎಷ್ಟು ಭಾರ, ಬಾಯಿ ಎಷ್ಟು ತೆರೆಯುತ್ತದೆ, ಹಿಂದಿನ ಶಾಫ್ಟುಗಳೂ ಮುಂದಿನವುಗಳಷ್ಟೇ ಸ್ಪಷ್ಟವಾಗಿ ಏಳುತ್ತವೆಯೇ ಎಂದು.